ಸೀಲು ಒಡೆಯದ ಪಾರ್ಸಲು

"ಕತ್ತರಿ ಹಿಡ್ಕೊಂಡು ಹೀಗೆ ನಿಂತ್ರೆ ಪಾರ್ಸಲ್ ತಾನಾಗೇ ಬಿಚ್ಕೊಳಲ್ಲಮ್ಮ. ತೆಗೀರಿ," ಎಂದರು ಇನ್‌ಸ್ಪೆಕ್ಟರಮ್ಮ.

ಅಕ್ಕನ ಕೈ ಟೇಪಿನ ಹತ್ತಿರ ಬಂದು ನಿಂತುಬಿಟ್ಟಿತ್ತು. ಸೀಮೆಸುಣ್ಣದ ಗೆರೆ ಎಳೆಯದೆಯೇ ಬಟ್ಟೆಯನ್ನು ನೇರವಾಗಿ ಕತ್ತರಿಸಬಲ್ಲ ಕೈ ಅದು. ಈಗ ಒಂದು ರಟ್ಟಿನ ಡಬ್ಬಿಯ ಟೇಪಿಗೆ ಕತ್ತರಿಯ ಮೊನೆ ತಾಗಿಸಲೂ ಅದಕ್ಕೆ ಧೈರ್ಯ ಸಾಲದು.

ಕೋಣೆಯ ನಡುವಿನ ದೊಡ್ಡ ಮೇಜಿನ ಮೇಲೆ ನಾಲ್ಕು ಪಾರ್ಸಲುಗಳು ಸಾಲಾಗಿ ಕೂತಿದ್ದವು. ನಾಲ್ಕೂ ಈ ಕೋಣೆಯಿಂದಲೇ ಹೊರಟು, ಊರೆಲ್ಲ ಸುತ್ತಿ, ಅಕ್ಕನ ಮನೆಯ ಬಾಗಿಲಿಗೆ ಹೋಗಿ, ಈಗ ಮತ್ತೆ ಇಲ್ಲಿಗೇ ಬಂದಂಥವು. ಒಂದು ರಟ್ಟಿನ ಡಬ್ಬಿ, ಒಂದು ದಪ್ಪ ಕಾಗದದ ಲಕೋಟೆ, ಒಂದು ಬಟ್ಟೆಯ ಚೀಲ, ಒಂದು ಬೂದು ಬಣ್ಣದ ಪ್ಲಾಸ್ಟಿಕ್ ಕವರು.

ಹೊರಗಿನ ಹಾಲಿನಲ್ಲಿ ಹೊಲಿಯುತ್ತಿದ್ದ ಹೆಂಗಸರಿಗೆ ಗೊತ್ತಿದ್ದದ್ದು ಇಷ್ಟು: ಆನ್‌ಲೈನ್ ಅಂಗಡಿ ಬೆಳೆಯುತ್ತಿದೆ, ಸಿಕ್ಕಸಿಕ್ಕ ಹಳೆಯ ಡಬ್ಬಿಗಳಲ್ಲಿ ಬಟ್ಟೆ ತುರುಕಿ ಕಳಿಸುವ ಕಾಲ ಮುಗಿಯಿತು, ಇನ್ನು ಮುಂದೆ ಯಾವುದರಲ್ಲಿ ಕಳಿಸುವುದೆಂದು ಅಕ್ಕ ಪರೀಕ್ಷೆ ಮಾಡುತ್ತಿದ್ದಾಳೆ. ಅದು ನಿಜವೇ. ಆದರೆ ಅರ್ಧ ನಿಜ.

ಉಳಿದರ್ಧವನ್ನು ನೆನೆದರೆ ಅಕ್ಕನಿಗೆ ಊಟ ಇಳಿಯುತ್ತಿರಲಿಲ್ಲ. ಅವಳ ಮೂವರು ಗಿರಾಕಿಗಳು ಹೊಸ ಬಟ್ಟೆಯ ಮಡಿಕೆಯಲ್ಲಿ ತಮ್ಮದೇ ಮನೆಯ ಮುಚ್ಚಿದ ಬಾಗಿಲಿನ ಫೋಟೋ ಕಂಡಿದ್ದರು, ಮೂವರ ಮನೆಗೂ ಆಮೇಲೆ ಯಾರೋ ನುಗ್ಗಿದ್ದರು, ಮೂರನೆಯವಳು, ಒಬ್ಬಳೇ ಇದ್ದ ನರ್ಸು, ತಲೆಗೆ ಏಟು ಬಿದ್ದು ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಎಚ್ಚರವಿಲ್ಲದೆ ಮಲಗಿದ್ದಳು.

ಫೋಟೋ ಪಾರ್ಸಲಿನೊಳಗೆ ಸೇರುವುದು ಈ ಕೋಣೆಯಲ್ಲೋ, ದಾರಿಯಲ್ಲೋ? ಅದನ್ನು ಪತ್ತೆ ಹಚ್ಚಲು ಇನ್‌ಸ್ಪೆಕ್ಟರಮ್ಮ ಹೂಡಿದ ಉಪಾಯವೇ ಈ ನಾಲ್ಕು ಪಾರ್ಸಲು. ಪೊಲೀಸ್ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು ಆಡಿಸುತ್ತ, ಕುರ್ಚಿಯ ತುದಿಯಲ್ಲಿ ಕೂರುವ ಗಟ್ಟಿ ಹೆಂಗಸು. ಸುದ್ದಿ ಕೇಳಿ ತಾವಾಗಿಯೇ ಸಹಾಯಕ್ಕೆ ಬಂದಿದ್ದರು. ಅವರು ಜೊತೆಗಿದ್ದರೆ ಅಕ್ಕನಿಗೆ ಉಸಿರು ಸ್ವಲ್ಪ ಸಲೀಸು.

ಅಕ್ಕ ಡಬ್ಬಿಯ ಟೇಪು ಸೀಳಿದಳು.

ಡಬ್ಬಿಯ ಒಂದು ಮೂಲೆ ಜಜ್ಜಿ ಹೋಗಿತ್ತು. ಒಳಗಿನ ಕೆಂಪು ಗೌನಿಗೆ ಏನೂ ಆಗಿರಲಿಲ್ಲ. ಅಕ್ಕ ಅದನ್ನು ಎತ್ತಿ ಕೊಡವಿದಳು. ತೋಳು ಜೋತುಬಿತ್ತು, ಅಷ್ಟೇ. ಫೋಟೋ ಇಲ್ಲ.

ಕಾಗದದ ಲಕೋಟೆ ಎಲ್ಲೋ ಒದ್ದೆಯಾಗಿ ಒಣಗಿ ಹಪ್ಪಳದಂತೆ ಸುಕ್ಕಾಗಿತ್ತು. ಅದರಲ್ಲೂ ಇಲ್ಲ. ಬಟ್ಟೆಯ ಚೀಲ ಮಾತ್ರ ಹೋದ ಹಾಗೆಯೇ ಬಂದಿತ್ತು, ಸ್ವಲ್ಪ ಕೊಳೆ ಬಿಟ್ಟರೆ. ಈ ಚೀಲವನ್ನು ಗಿರಾಕಿಗಳು ಎಸೆಯುವುದಿಲ್ಲ, ತರಕಾರಿಗೆ ಹಿಡಿದುಕೊಂಡು ಹೋಗುತ್ತಾರೆ, ನಿಮ್ಮ ಹೆಸರು ಸಂತೆಯೆಲ್ಲ ತಿರುಗುತ್ತದೆ ಎಂದು ರಟ್ಟಿನ ಏಜೆಂಟು ಹೇಳಿದ್ದ. ಡಬ್ಬಿ, ಕವರು, ಟೇಪು ಎಲ್ಲವನ್ನೂ ಮಾರುವ ಆ ಮನುಷ್ಯ ಯಾವುದನ್ನು ಕೈಗೆತ್ತಿಕೊಂಡರೂ ಮದುವೆಗೆ ಬಂದ ಮಗಳನ್ನು ಹೊಗಳಿದಂತೆ ಹೊಗಳುತ್ತಿದ್ದ. ಚೀಲದಲ್ಲೂ ಏನಿರಲಿಲ್ಲ.

"ನೋಡಿದ್ರಾ? ಸುಮ್ನೆ ಹೆದರ್ಕೊಂಡ್ರಿ," ಎಂದರು ಇನ್‌ಸ್ಪೆಕ್ಟರಮ್ಮ.

ಅಕ್ಕ ನಾಲ್ಕನೆಯದನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೂದು ಕವರಿನ ಬಾಯಿಗೆ ಒಂದು ಪಟ್ಟಿ ಅಂಟಿಸಿತ್ತು. ಒಂದು ಸಲ ಅಂಟಿಸಿದ ಮೇಲೆ ಯಾರಾದರೂ ಎಷ್ಟೇ ನಾಜೂಕಾಗಿ ಕಿತ್ತರೂ ಪಟ್ಟಿಯ ಮೇಲೆ 'ತೆರೆಯಲಾಗಿದೆ' ಎಂಬ ಅಕ್ಷರಗಳು ಮೂಡಿಬಿಡುತ್ತವೆ. ಪಟ್ಟಿಯನ್ನು ಅಕ್ಕ ಬೆಳಕಿಗೆ ಹಿಡಿದು ನೋಡಿದಳು. ಅಕ್ಷರ ಮೂಡಿರಲಿಲ್ಲ. ಸೀಲು ಒಡೆದಿರಲಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು. ಪಟ್ಟಿಯ ಪಕ್ಕದಲ್ಲೇ ಕತ್ತರಿ ಹಾಕಿ, ನೀಲಿ ಗೌನನ್ನು ಹೊರಗೆಳೆದು ಮೇಜಿನ ಮೇಲೆ ಹರಡಿದಳು.

ಮಡಿಕೆಯಿಂದ ಫೋಟೋ ಜಾರಿ ಬಿತ್ತು.

ಬಾಗಿಲು ಅಕ್ಕನ ಮನೆಯದ್ದೇ. ಬಣ್ಣ ಹೋದ ಚಿಲಕ, ಪಕ್ಕದ ಗೋಡೆಯ ಬಿರುಕು, ಹೊಸಿಲ ಮುಂದಿನ ಹರಿದ ಚಾಪೆ, ಎಲ್ಲ ಅವಳ ಮನೆಯದ್ದೇ. ಆದರೆ ಮೊದಲ ಮೂರು ಫೋಟೋಗಳಲ್ಲಿ ಬಾಗಿಲು ಮಾತ್ರ ಇತ್ತು. ಇದರಲ್ಲಿ ಒಬ್ಬಳು ನಿಂತಿದ್ದಳು. ಕ್ಯಾಮೆರಾಕ್ಕೆ ಬೆನ್ನು ಮಾಡಿ, ಬೀಗಕ್ಕೆ ಕೀಲಿ ಹಾಕುತ್ತ, ತಲೆ ಸ್ವಲ್ಪ ಬಗ್ಗಿಸಿ.

ಅಕ್ಕನ ತಂಗಿ.

ಅಮ್ಮ ಹೋದಾಗ ಮೊಣಕಾಲೆತ್ತರ ಇದ್ದವಳು. ಅಕ್ಕ ಊರಿನವರ ಹರಿದ ಬಟ್ಟೆ ಹೊಲಿದು ಓದಿಸಿದವಳು. ಈ ಅಂಗಡಿಯನ್ನು ಕಂಪ್ಯೂಟರಿಗೆ ಏರಿಸಿದ್ದು ಅವಳೇ, ಗಿರಾಕಿಗಳನ್ನು ಹಿಡಿದು ತಂದದ್ದೂ ಅವಳೇ. ಅಕ್ಕನಿಗೆ ಇರುವುದೇ ಅವಳೊಬ್ಬಳು.

"ನಾನೇ ಮಡಚಿದ್ದು," ಎಂದಳು ಅಕ್ಕ. "ನಾನೇ ಒಳಗೆ ಹಾಕಿದ್ದು. ಪಟ್ಟಿ ನಾನೇ ಅಂಟಿಸಿದ್ದು. ನೀವು ಎದುರಿಗೇ ಕೂತಿದ್ರಿ. ಮಡಿಕೇಲಿ ಏನೂ ಇರ್ಲಿಲ್ಲ."

"ಇರ್ಲಿಲ್ಲ. ನಾನೂ ನೋಡಿದೀನಿ."

"ಸೀಲು ಒಡೆದಿಲ್ಲ."

"ಒಡೆದಿಲ್ಲ."

"ಮತ್ತೆ?"

ಇನ್‌ಸ್ಪೆಕ್ಟರಮ್ಮ ಕನ್ನಡಕವನ್ನು ತಲೆಯಿಂದ ಇಳಿಸಿ ಮೂಗಿನ ಮೇಲೆ ಕೂರಿಸಿ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದರು. "ಈ ಕೋಟು ಯಾವುದು?"

"ಹೊಸಾದು. ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ. ಹಾಕ್ಕೊಂಡು ಓಡಾಡಿ ತೋಳು ಬಿಗೀತದಾ ನೋಡು ಅಂತ ಅವಳಿಗೆ ಕೊಟ್ಟಿದ್ದೆ." ಅಕ್ಕ ಫೋಟೋವನ್ನು ಕಸಿದುಕೊಂಡಳು. ಕೋಟಿನ ತೋಳಿನ ಉದ್ದಕ್ಕೂ ಬಿಳಿ ದಾರದ ಕಚ್ಚಾ ಹೊಲಿಗೆ ಕಾಣುತ್ತಿತ್ತು. "ಈ ಪಾರ್ಸಲ್ ಕಳಿಸಿದ ದಿನಾನೇ ಮಧ್ಯಾಹ್ನ ಈ ದಾರ ನಾನು ಬಿಚ್ಚಿದ್ದು. ಅವಳು ಇದನ್ನ ಹಾಕ್ಕೊಂಡು ಮನೆಯಿಂದ ಹೊರಟಿದ್ದು ಒಂದೇ ಬೆಳಿಗ್ಗೆ. ಅದೇ ದಿನದ ಬೆಳಿಗ್ಗೆ."

"ಅಂದ್ರೆ ಬೆಳಿಗ್ಗೆ ತೆಗೆದ ಫೋಟೋ ಸಂಜೆ ಪಾರ್ಸಲ್ ಗಾಡಿ ಬರೋ ಹೊತ್ತಿಗೆ ಈ ಕವರಿನೊಳಗೆ ಕೂತಿದೆ. ನಿಮ್ಮನೆ ಎದುರಿಗೇ ನಿಂತು ತೆಗೆದಿದಾರೆ." ಇನ್‌ಸ್ಪೆಕ್ಟರಮ್ಮ ಖಾಲಿ ಕವರನ್ನು ಎತ್ತಿ ಕಸದ ಬುಟ್ಟಿಯತ್ತ ಎಸೆದರು. "ಕವರು ಬಿಡಿ. ಅದರಿಂದ ಇನ್ನೇನೂ ಸಿಗಲ್ಲ."

ಕವರು ಬುಟ್ಟಿಯ ಅಂಚಿಗೆ ತಾಗಿ ನೆಲಕ್ಕೆ ಬಿತ್ತು. ನೆಲದ ಮೇಲೆ ಏನು ಬಿದ್ದಿದ್ದರೂ ಎತ್ತಿಡುವುದು ಅಕ್ಕನ ಚಾಳಿ, ಭಯದಲ್ಲೂ ಅದು ಬಿಡಲಿಲ್ಲ. ಬಗ್ಗಿ ಎತ್ತಿಕೊಂಡಳು. ಹೊಲಿಗೆಯವರ ಬೆರಳು ಯಾವುದೇ ಬಟ್ಟೆ ಸಿಕ್ಕರೂ ಮೊದಲು ಅಂಚು ಸವರುತ್ತದೆ. ಅವಳ ಹೆಬ್ಬೆರಳೂ ತಾನಾಗಿ ಕವರಿನ ತಳದ ಅಂಚಿನ ಮೇಲೆ ಓಡಿತು.

ನಡುವೆ ಒಂದು ಕಡೆ ನಿಂತಿತು.

ಅಕ್ಕ ಬಳಸದ ಇನ್ನೊಂದು ಕವರನ್ನು ಕಟ್ಟಿನಿಂದ ಎಳೆದು ಅದರ ತಳವನ್ನೂ ಸವರಿದಳು. ಅದರ ಅಂಟು ಕಾರ್ಖಾನೆಯಲ್ಲಿ ಹಾಕಿದ್ದು, ಕೂದಲೆಳೆಯಷ್ಟು ಸಣ್ಣ, ಈ ತುದಿಯಿಂದ ಆ ತುದಿಗೆ ಒಂದೇ ಸಮ. ಇದರದ್ದು ಅಗಲ. ನಡುವೆ ಒಂದು ಕಡೆ ಅಂಟು ಹಿಡಿಯದೆ ಉಗುರಿನಗಲ ಜಾಗ ಬಿಟ್ಟುಹೋಗಿತ್ತು.

"ಮೇಡಂ," ಎಂದಳು ಅಕ್ಕ. "ಬಾಯಿ ತೆಗೆದಿಲ್ಲ. ತಳ ತೆಗೆದಿದಾರೆ."

ವರ್ಷಗಟ್ಟಲೆ ಪ್ಯಾಕಿಂಗ್ ಮಾಡಿದವರೂ ಮಾಡುವ ಎಡವಟ್ಟು ಇದು. ಎಲ್ಲರ ಕಣ್ಣೂ ಬಾಯಿಯ ಮೇಲೆ. ಪಟ್ಟಿ ಸರಿಯಾಗಿ ಕೂತಿದೆಯೇ, ಟೇಪು ಎರಡು ಸುತ್ತು ಬಂದಿದೆಯೇ, ಅಷ್ಟೇ. ಕವರಿಗೆ ಇನ್ನೊಂದು ತುದಿ ಇದೆಯೆಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ತಳವನ್ನು ಅಂಚಿನಲ್ಲೇ ಕತ್ತರಿಸಿ, ಫೋಟೋ ತೂರಿಸಿ, ಮತ್ತೆ ಬಿಸಿ ಮಾಡಿ ಅಂಟಿಸಿದರೆ ಕವರು ಸ್ವಲ್ಪ ಗಿಡ್ಡವಾಗುತ್ತದೆ. ಅದನ್ನು ಯಾರು ಅಳೆಯುತ್ತಾರೆ?

ಬಿಸಿ ಮಾಡಿ ಅಂಟಿಸುವ ಸೀಲಿಂಗ್ ಮಷೀನು ಕೋಣೆಯ ಮೂಲೆಯಲ್ಲೇ ಇತ್ತು. ಬಟ್ಟೆಗೆ ಮೊದಲು ಹಾಕುವ ತೆಳು ಪಾರದರ್ಶಕ ಹೊದಿಕೆಯನ್ನು ಅಂಟಿಸಲು ತಂದಿದ್ದು. ಅಕ್ಕ ಅದರ ಗುಂಡಿ ಒತ್ತಿ, ಕಾಯಲು ಬಿಟ್ಟು, ಹೊಸ ಕವರಿನ ಅಂಚನ್ನು ಅದರ ದವಡೆಗೆ ಕೊಟ್ಟು ಒತ್ತಿದಳು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು. ಹೊರಗೆ ತೆಗೆದು ನೋಡಿದರೆ ಅದೇ ಅಗಲದ ಗೆರೆ, ನಡುವೆ ಅದೇ ಉಗುರಿನಗಲ ಬಿಟ್ಟ ಜಾಗ. ಮಷೀನಿನ ತಂತಿ ಅಲ್ಲಿ ಬಾಗಿತ್ತು. ರಿಪೇರಿ ಮಾಡಿಸಬೇಕೆಂದು ಯಾವತ್ತೂ ಅಂದುಕೊಳ್ಳುತ್ತಿದ್ದರು.

ಹಾಗಾದರೆ ದಾರಿಯಲ್ಲಿ ಅಲ್ಲ. ಇಲ್ಲೇ. ಈ ಕೋಣೆಯಲ್ಲೇ, ತಾನು ದಿನಾ ಅನ್ನದಷ್ಟೇ ನಂಬಿಕೊಂಡು ಕೂರುವ ಈ ಕೋಣೆಯಲ್ಲೇ. ಅಕ್ಕನಿಗೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕೆನಿಸಿತು. ನಿಂತಳು.

ಇನ್‌ಸ್ಪೆಕ್ಟರಮ್ಮ ಎರಡು ಕವರುಗಳನ್ನೂ ಒಂದರ ಮೇಲೊಂದಿಟ್ಟು ಬಹಳ ಹೊತ್ತು ನೋಡಿದರು. "ಕಣ್ಣು ಚುರುಕಿದೆ ನಿಮ್ಮದು," ಎಂದರು ಕೊನೆಗೆ. "ಈ ಮಷೀನು ಯಾರ್ಯಾರು ಮುಟ್ತಾರೆ?"

"ನಾನು, ತಂಗಿ, ಮ್ಯಾನೇಜರು. ಅಷ್ಟೇ."

"ಮ್ಯಾನೇಜರನ್ನ ಕರೀರಿ."

ಮ್ಯಾನೇಜರು ಎಂದರೆ ತಂಗಿಯ ಗಂಡ. ಕಂಪ್ಯೂಟರಿನ ಮುಂದೆ ಕೂತು ಆರ್ಡರು, ವಿಳಾಸಗಳನ್ನು ನೋಡಿಕೊಳ್ಳುವವನು. ಹೆಂಡತಿ ಹೇಳದೆ ಒಂದು ಪೆನ್ನನ್ನೂ ಅತ್ತಿಂದಿತ್ತ ಇಡದ ಆಸಾಮಿಗೆ ಆ ಬಿರುದು ಕೊಟ್ಟದ್ದು ಹೊಲಿಗೆಯ ಹೆಂಗಸರು, ತಮಾಷೆಗೆ. ಅಕ್ಕ, ತಂಗಿ, ಅವನು, ಮೂವರೂ ಒಂದೇ ಮನೆಯಲ್ಲಿದ್ದರು. ಇವನ ಮೇಲೆ ಅನುಮಾನ ಪಡುವುದೆಂದರೆ ಮನೆಯ ಬೆಕ್ಕಿನ ಮೇಲೆ ಅನುಮಾನ ಪಟ್ಟಂತೆ ಎಂದು ಅಕ್ಕ ನಿನ್ನೆಯವರೆಗೂ ಹೇಳುತ್ತಿದ್ದಳು. ಇವತ್ತು ಅವಳಿಗೆ ಬೆಕ್ಕಿನ ಮೇಲೂ ಅನುಮಾನ.

ಅವನು ಕೈ ಒರೆಸಿಕೊಳ್ಳುತ್ತ ಒಳಗೆ ಬಂದ.

"ಬಾಗಿಲು ಹಾಕಪ್ಪಾ," ಎಂದರು ಇನ್‌ಸ್ಪೆಕ್ಟರಮ್ಮ. "ಕೂರು. ಇದೇನು ಹೇಳು."

"ಕವರು."

"ತಳ ನೋಡು."

ಅವನು ನೋಡಿದ. ತಟ್ಟನೆ ಕವರನ್ನು ದೂರ ಸರಿಸಿದ.

"ಈ ಮಷೀನಲ್ಲಿ ಅಂಟಿಸಿದ್ದು. ನೀನಾ?"

"ನಾನ್ಯಾಕೆ ಅಂಟಿಸ್ಲಿ? ನನಗೇನೂ ಗೊತ್ತಿಲ್ಲ ಮೇಡಂ."

"ಬಾಗಿಲಿನ ಫೋಟೋಗಳ ಬಗ್ಗೆ?"

"ಗೊತ್ತಿಲ್ಲ."

"ನನ್ನ ಮುಖ ನೋಡಿ ಹೇಳು," ಎಂದಳು ಅಕ್ಕ.

ಅವನು ಅಕ್ಕನ ಮುಖ ನೋಡಲಿಲ್ಲ. ಮೇಜಿನ ಅಂಚಿನ ಸಿಬಿರು ಕೀಳುತ್ತ ಕೂತ. ಅಕ್ಕನಿಗೆ ಅರ್ಥವಾಯಿತು. ಇವನಿಗೆ ಗೊತ್ತಿದೆ. ಇಷ್ಟು ದಿನ ಒಂದೇ ಮನೆಯಲ್ಲಿ ಎದುರುಬದುರು ಕೂತು ಊಟ ಮಾಡಿದ್ದೇವೆ, ಇವನಿಗೆ ಎಲ್ಲ ಗೊತ್ತಿತ್ತು.

"ಹೇಳಪ್ಪಾ. ಒಬ್ಬಳು ಆಸ್ಪತ್ರೇಲಿ ಸಾವು ಬದುಕಿನ ಮಧ್ಯೆ ಮಲಗಿದಾಳೆ," ಎಂದರು ಇನ್‌ಸ್ಪೆಕ್ಟರಮ್ಮ.

"ಅಕ್ಕಾ, ಅದು ನಾವೇ ಹಾಕಿದ್ದು," ಎಂದ ಅವನು. ಹೇಳಿದ್ದೇ ಮುಖ ಮುಚ್ಚಿಕೊಂಡ. "ನಾನೂ ಅವಳೂ."

ಅಕ್ಕ ಅವನ ಕೈಯನ್ನು ಮುಖದಿಂದ ಎಳೆದಳು.

"ಡೆಲಿವರಿಯವನು ಪಾರ್ಸಲ್ ಬಾಗಿಲ ಮುಂದೆ ಇಟ್ಟು ಫೋಟೋ ತೆಗೀತಾನಲ್ಲ ಅಕ್ಕ, ಮುಟ್ಟಿಸಿದೀನಿ ಅಂತ ತೋರಿಸೋಕೆ. ಅದು ನಮ್ಮ ಕಂಪ್ಯೂಟರಿಗೂ ಬರ್ತದೆ. ಡಬ್ಬಿ ಹೊಸಾದು ಮಾಡ್ತೀವಿ, ಒಳಗೂ ಏನಾದ್ರೂ ಹೊಸಾದು ಇರ್ಲಿ ಅಂತ ಅವಳಿಗೆ ಅನ್ನಿಸ್ತು. ಎಲ್ಲರೂ ಥ್ಯಾಂಕ್ಯೂ ಕಾರ್ಡ್ ಹಾಕ್ತಾರೆ. ನಾವು ಎರಡನೇ ಸಲ ತಗೊಂಡೋರಿಗೆ ಅವರ ಬಾಗಿಲಿನದೇ ಫೋಟೋ ಕಳಿಸೋಣ, ನಿಮ್ಮ ಬಾಗಿಲು ನಮಗೆ ಗುರುತಿದೆ ಅಂತ ಬರೆಯೋಣ ಅಂದ್ಲು."

"ಬರೆದೇ ಇರ್ಲಿಲ್ಲವಲ್ಲೋ ಅದರಲ್ಲಿ ಏನೂ."

"ಮೊದಲು ಮೂರು ಜನಕ್ಕೆ ಬರೀ ಫೋಟೋ ಹಾಕಿ ನೋಡೋಣ, ಇದೇನು ಅಂತ ಅವರೇ ಕುತೂಹಲದಿಂದ ಫೋನ್ ಮಾಡ್ತಾರೆ ಅಂತ ಅವಳ ಲೆಕ್ಕ."

ಅಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಒಂಟಿ ಹೆಂಗಸೊಬ್ಬಳು ಹೊಸ ಬಟ್ಟೆ ಬಿಚ್ಚಿದಾಗ ತನ್ನದೇ ಮುಚ್ಚಿದ ಬಾಗಿಲು ಕಂಡರೆ ಎದೆ ಒಡೆದುಕೊಳ್ಳುತ್ತಾಳೆ ಎಂಬುದು ಇಬ್ಬರು ಬುದ್ಧಿವಂತರಿಗೂ ಹೊಳೆಯಲಿಲ್ಲ. ಹಗಲು ರಾತ್ರಿ ಗಿರಾಕಿ, ಗಿರಾಕಿ ಎಂದು ಕನವರಿಸುತ್ತಿದ್ದರೆ ಬುದ್ಧಿ ಹೀಗೆ ಕೈಕೊಡುತ್ತದೆ.

"ಮನೆಗಳಿಗೆ ಕಳ್ಳ ಬಿದ್ದಾಗಲಾದ್ರೂ ಬಾಯಿ ಬಿಡಬಾರದಿತ್ತೇನೋ?"

"ಹೆದರಿಬಿಟ್ವಿ ಅಕ್ಕ. ನರ್ಸಿನ ವಿಷಯ ಕೇಳಿದ ಮೇಲಂತೂ ಅವಳು ನಿದ್ದೇನೇ ಮಾಡಿಲ್ಲ. ಪೊಲೀಸರು ನಮ್ಮನ್ನೇ ಎಳ್ಕೊಂಡು ಹೋಗ್ತಾರೆ ಅಂತ. ಆದ್ರೆ ನಾವು ಫೋಟೋ ಹಾಕಿದ್ದು ಬಿಟ್ರೆ ಏನೂ ಮಾಡಿಲ್ಲ. ದೇವರಾಣೆ."

"ಈ ನಾಲ್ಕನೇದು?" ಇನ್‌ಸ್ಪೆಕ್ಟರಮ್ಮ ಫೋಟೋವನ್ನು ಅವನ ಮುಂದೆ ಸರಿಸಿದರು.

ಅವನು ನೋಡಿದ. ಮುಖದ ರಕ್ತವೆಲ್ಲ ಇಳಿದು ಸುಣ್ಣದ ಗೋಡೆಯಂತಾಯಿತು. ಹೆಂಡತಿಯ ಬೆನ್ನನ್ನು ಬೆರಳಿನಿಂದ ಮುಟ್ಟಿದ, ಮುಟ್ಟಿದರೆ ತಿರುಗಿ ನೋಡುವಳೇನೋ ಎಂಬಂತೆ.

"ಇದು ನಾವಲ್ಲ," ಎಂದ. "ಇದು ಡೆಲಿವರಿ ಫೋಟೋನೇ ಅಲ್ಲ. ಇದನ್ನ ಯಾರು ತೆಗೆದಿದ್ದು ಅಕ್ಕ?"

ಅವನು ನಟಿಸುತ್ತಿರಲಿಲ್ಲ. ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬಾರದ ಮನುಷ್ಯನಿಗೆ ಇಷ್ಟು ನಟನೆ ಬರುವುದಿಲ್ಲ. ಅಕ್ಕನಿಗೆ ಅದು ಗೊತ್ತಾದದ್ದೇ ಭಯ ಇಮ್ಮಡಿಯಾಯಿತು. ಇವನಾಗಿದ್ದರೆ ಎಷ್ಟೋ ವಾಸಿಯಿತ್ತು, ಹಿಡಿದು ನಾಲ್ಕು ಬಿಗಿಯಬಹುದಿತ್ತು.

"ಮೊದಲಿನ ಮೂರನ್ನ ಎಲ್ಲಿ ಅಚ್ಚು ಹಾಕಿಸಿದ್ರಿ?" ಇನ್‌ಸ್ಪೆಕ್ಟರಮ್ಮ ಪೆಪ್ಪರ್‌ಮಿಂಟನ್ನು ಕಟಕ್ಕೆಂದು ಕಡಿದರು.

"ಏಜೆಂಟಣ್ಣನ ಹತ್ತಿರ. ಡಬ್ಬಿ ಮೇಲೆ ಹೆಸರು ಅಚ್ಚು ಹಾಕೋ ಮಷೀನಿದೆಯಲ್ಲ ಅವರ ಗೋಡೌನಲ್ಲಿ. ಇದನ್ನೂ ಹಾಕ್ಕೊಡ್ತೀನಿ, ಸ್ಯಾಂಪಲ್ ಅಂದ್ಕೊಳ್ಳಿ ಅಂದ್ರು."

"ಬರೀ ಫೋಟೋ ಕೊಟ್ರಾ?"

"ಯಾವುದು ಯಾರದು ಅಂತ ಗೊತ್ತಾಗಬೇಕಲ್ಲ." ಅವನ ದನಿ ಇಳಿಯಿತು. "ಹೆಸರು, ವಿಳಾಸ ಎಲ್ಲ ಅದರ ಜೊತೇಲೇ ಕಳಿಸಿದ್ದೆ."

"ಪಾರ್ಸಲ್ ಕಳಿಸಿದ ದಿನ ಈ ಮಷೀನ್ ಹತ್ರ ಯಾರಿದ್ರು?"

"ಏಜೆಂಟಣ್ಣ ಇದ್ರು. ಸ್ಯಾಂಪಲ್ ತಂದಿದ್ರಲ್ಲ, ಗಾಡಿಗೆ ಹೇಗೆ ಏರಿಸ್ತಾರೆ ನೋಡ್ಬೇಕು ಅಂತ ಸಂಜೆವರೆಗೂ ಇಲ್ಲೇ ಓಡಾಡ್ತಿದ್ರು. ನೀವೂ ಇದ್ರಲ್ಲ ಮೇಡಂ."

"ನಾನು ಇರೋದಕ್ಕೇ ಬಂದಿರೋದಪ್ಪಾ," ಎಂದರು ಇನ್‌ಸ್ಪೆಕ್ಟರಮ್ಮ.

ಅಕ್ಕನಿಗೆ ಏಜೆಂಟಿನ ನಗುಮುಖ ಕಣ್ಣಿಗೆ ಕಟ್ಟಿತು. ಕಂಡಾಗಲೆಲ್ಲ ಡಬ್ಬಿಯೊಂದನ್ನು ನೆಲಕ್ಕೆ ಎಸೆದು, ಅದರ ಮೇಲೆ ತಾನೇ ಹತ್ತಿ ನಿಂತು, 'ನೋಡಿ ಅಕ್ಕ, ನನ್ನಂಥೋನನ್ನೇ ತಡ್ಕೊಳ್ತು' ಎನ್ನುತ್ತಿದ್ದ ಮನುಷ್ಯ. ಅವನು ಬಂದರೆ ಹೊಲಿಗೆಯ ಹೆಂಗಸರು ಕೆಲಸ ಬಿಟ್ಟು ನಗುತ್ತಿದ್ದರು.

"ಆದ್ರೆ ಈ ಕವರು ಅವನದ್ದೇ ಮಾಲು," ಎಂದಳು. "ಯಾರೂ ತೆಗೆಯೋಕಾಗಲ್ಲ ಅಂತ ಅವನೇ ಹೊಗಳಿ ಕೊಟ್ಟಿದ್ದು. ತನ್ನ ಮಾಲಿನ ಮಾನ ತಾನೇ ಯಾಕೆ ಕಳೀತಾನೆ?"

"ಹಾಗಾದ್ರೆ ಅವನಿಗೆ ಬೇಕಾಗಿರೋದು ನಿಮ್ಮ ವ್ಯಾಪಾರ ಅಲ್ಲ ಅಂತ ಅರ್ಥ."

ಆ ಮಾತಿಗೆ ಅಕ್ಕನಿಗೆ ತಂಗಿಯನ್ನು ಈಗ, ಈ ಕ್ಷಣ ಕಣ್ಣೆದುರಿಗೆ ಕೂರಿಸಿಕೊಳ್ಳಬೇಕೆನಿಸಿತು. ಬೈಯುವುದೆಲ್ಲ ಆಮೇಲೆ. "ಅವಳನ್ನ ಒಳಗೆ ಕರಿ," ಎಂದಳು. "ಹಾಲಲ್ಲಿ ಗೌನುಗಳ ಫೋಟೋ ತೆಗೀತಿರ್ಬೇಕು."

ಮ್ಯಾನೇಜರು ಏಳಲಿಲ್ಲ.

"ಹಾಲಲ್ಲಿ ಇಲ್ಲ ಅಕ್ಕ. ಊಟ ಆದ್ಮೇಲೆ ಹೋದ್ಲು. ಡಬ್ಬಿ ಅಳತೆ ಅಂತಿಮ ಮಾಡ್ಬೇಕು ಅಂತ." ಅವನು ಬಾಗಿಲತ್ತ ನೋಡಿದ. "ಏಜೆಂಟಣ್ಣನ ವ್ಯಾನಲ್ಲೇ ಹೋದ್ಲು."

ಅಕ್ಕ ಫೋನು ಹುಡುಕಿದ ರೀತಿ ನೋಡಬೇಕಿತ್ತು. ಕೈಯಲ್ಲೇ ಇದ್ದ ಫೋನಿಗಾಗಿ ಮೇಜಿನ ಮೇಲಿನ ಬಟ್ಟೆಗಳನ್ನೆಲ್ಲ ಕಿತ್ತು ಕೆಳಗೆ ಹಾಕಿದಳು. ಕೊನೆಗೆ ಸಿಕ್ಕಿತು, ಒತ್ತಿದಳು. ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಇನ್‌ಸ್ಪೆಕ್ಟರಮ್ಮ ಆಗಲೇ ಎದ್ದಿದ್ದರು. "ನೀನು ಗೋಡೌನಿಗೆ ಓಡು," ಎಂದರು ಮ್ಯಾನೇಜರಿಗೆ. "ದಾರೀಲಿ ಯಾರ ಹತ್ರಾನೂ ಬಾಯಿ ಬಿಡಬೇಡ. ಸ್ಟೇಷನ್ನಿಗೆ ನಾನು ಹೇಳ್ತೀನಿ."

"ನಾನೂ ಹೋಗ್ತೀನಿ," ಎಂದಳು ಅಕ್ಕ.

"ನೀವು ಇಲ್ಲಿರಿ. ಅವಳು ವಾಪಸ್ ಫೋನ್ ಮಾಡಿದ್ರೆ ಅವನು ಪಕ್ಕದಲ್ಲೇ ಇರ್ತಾನೆ. ನೀವು ಏನೂ ಗೊತ್ತಿಲ್ಲದೋರ ಹಾಗೆ ಮಾತಾಡ್ಬೇಕು. ಡಬ್ಬಿ ವಿಷಯ ಬಿಟ್ಟು ಬೇರೆ ಎತ್ತಬೇಡಿ. ಇಲ್ಲಿ ನಿಂತು ಆಡಿದಷ್ಟು ನಿಧಾನವಾಗಿ ದಾರೀಲಿ ಓಡ್ತಾ ಆಡೋಕಾಗಲ್ಲ."

ಮಾತು ಸರಿಯಾಗಿಯೇ ಇತ್ತು. ಮ್ಯಾನೇಜರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದ. ಅವನ ಹಿಂದೆಯೇ ಇನ್‌ಸ್ಪೆಕ್ಟರಮ್ಮ ಹಾಲಿಗೆ ಹೋಗಿ ಹೆಂಗಸರಿಗೆ ಏನೋ ಹೇಳಿದರು. ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಚೀಲ ಎತ್ತಿಕೊಂಡ ಸದ್ದು, ಗುಸುಗುಸು, ಮೆಟ್ಟಿಲಿಳಿದ ಸದ್ದು. ಆಮೇಲೆ ಏನೂ ಇಲ್ಲ.

"ಅವರನ್ನ ಮನೆಗೆ ಕಳಿಸಿದೆ," ಎಂದು ಇನ್‌ಸ್ಪೆಕ್ಟರಮ್ಮ ಒಳಗೆ ಬಂದರು. "ಒಬ್ಬರ ಕಿವಿಗೆ ಬಿದ್ರೂ ಊರಿಗೆಲ್ಲ ಗೊತ್ತಾಗ್ತದೆ." ಬಾಗಿಲು ಮುಚ್ಚಿ ಚಿಲಕ ಹಾಕಿದರು.

ಹಗಲಿನ ಬೆಳಕು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿತ್ತು. ಯಂತ್ರಗಳ ಸದ್ದಿಲ್ಲದ ಈ ಜಾಗವನ್ನು ಅಕ್ಕ ಹಗಲು ಹೊತ್ತಿನಲ್ಲಿ ಕಂಡೇ ಇರಲಿಲ್ಲ. ತನ್ನ ಕೋಣೆಯೇ ಬೇರೆ ಯಾರದೋ ಮನೆಯಂತೆ ಕಂಡಿತು.

ಫೋನು ಮೊಳಗಿತು. ತಂಗಿ.

ಅಕ್ಕ ಎರಡೂ ಕೈಯಿಂದ ಅದನ್ನು ಕಿವಿಗೆ ಒತ್ತಿಕೊಂಡಳು. "ಎಲ್ಲಿದೀಯೇ?"

"ಅಕ್ಕ, ನಾನು ಹೇಳೋದು ಕೇಳು, ಹೂಂ ಅನ್ನು ಅಷ್ಟೇ." ತಂಗಿ ಪಿಸುಗುಡುತ್ತಿದ್ದಳು. "ಇನ್‌ಸ್ಪೆಕ್ಟರಮ್ಮ ಅಲ್ಲೇ ಇದಾರಾ?"

"ಹೂಂ."

"ನರ್ಸಿಗೆ ಎಚ್ಚರ ಬಂದಿದೆ. ಮಾತಾಡಿದಾಳೆ. ಅವತ್ತು ಬಾಗಿಲು ತಟ್ಟಿದ್ದು ಗಂಡಸಲ್ಲ ಅಕ್ಕ. ವಯಸ್ಸಾದ ಹೆಂಗಸು. ಪೊಲೀಸ್ನೋಳು, ನಿಮ್ಮ ಪಾರ್ಸಲ್ ಬಗ್ಗೆ ವಿಚಾರಿಸ್ಬೇಕು ಅಂತ ಹೇಳಿ ಬಾಗಿಲು ತೆಗೆಸಿದಳಂತೆ."

ಅಕ್ಕ ಕಣ್ಣೆತ್ತಿದಳು. ಬಾಗಿಲ ಬಳಿ ಇನ್‌ಸ್ಪೆಕ್ಟರಮ್ಮ ಕನ್ನಡಕ ಒರೆಸುತ್ತ ಇವಳನ್ನೇ ನೋಡುತ್ತಿದ್ದರು.

ಇವರು ಯಾರು? ಇನ್‌ಸ್ಪೆಕ್ಟರ್ ಆಗಿದ್ದೆ ಅಂದರು, ನಂಬಿದೆ. ಸಹಾಯ ಮಾಡ್ತೀನಿ ಅಂದರು, ಕೂರಿಸಿ ಟೀ ಕೊಟ್ಟೆ. ಒಂದು ಗುರುತಿನ ಚೀಟಿ ಕೇಳಲಿಲ್ಲ. ಕವರನ್ನು ಬುಟ್ಟಿಗೆ ಎಸೆದವರು ಇವರೇ. ನನ್ನನ್ನು ಇಲ್ಲಿ ಉಳಿಸಿಕೊಂಡು ಎಲ್ಲರನ್ನೂ ಹೊರಗೆ ಕಳಿಸಿದವರೂ ಇವರೇ.

ಡಬ್ಬಿಯ ವಿಷಯ ಬಿಟ್ಟು ಬೇರೆ ಎತ್ತುವಂತಿಲ್ಲ ಎಂಬುದು ಅಕ್ಕನಿಗೆ ನೆನಪಿತ್ತು.

"ಡಬ್ಬಿ ಗಟ್ಟಿಯಿದೆ ಅಂತೀಯಲ್ಲ," ಎಂದಳು, ಆದಷ್ಟು ಸಹಜವಾಗಿ. "ನೀನೇ ಕಣ್ಣಾರೆ ನೋಡಿದ್ಯಾ, ಇಲ್ಲಾ ಅವರು ಹೇಳಿದ್ದನ್ನ ಹೇಳ್ತಿದೀಯಾ?"

ತಂಗಿ ಜಾಣೆ. ಒಂದು ಕ್ಷಣ ತಡೆದಳು, ಅರ್ಥ ಮಾಡಿಕೊಂಡಳು.

"ನಾನು ಆಸ್ಪತ್ರೆಗೆ ಹೋಗಿಲ್ಲ ಅಕ್ಕ. ಏಜೆಂಟಣ್ಣನಿಗೆ ಅಲ್ಲಿಂದ ಯಾರೋ ಫೋನ್ ಮಾಡಿ ಹೇಳಿದ್ರಂತೆ. ತಕ್ಷಣ ಅಕ್ಕಂಗೆ ತಿಳಿಸು ಅಂತ ಅವರೇ ಅಂದ್ರು. ಇಲ್ಲೇ ಪಕ್ಕದಲ್ಲೇ ನಿಂತಿದಾರೆ."

ಅಂದರೆ ಅವನ ಬಾಯಿಂದ ಬಂದ ಮಾತು. ಅವನು ಹೇಳಿದ್ದು ನಿಜವಾದರೆ ತಂಗಿ ಕ್ಷೇಮ, ಅಕ್ಕ ಚಿಲಕ ಹಾಕಿದ ಕೋಣೆಯಲ್ಲಿ ಕೊಲೆಗಡುಕಿಯ ಜೊತೆ ಇದ್ದಾಳೆ. ಅವನು ಹೇಳಿದ್ದು ಸುಳ್ಳಾದರೆ ಅಕ್ಕ ಕ್ಷೇಮ, ತಂಗಿಯ ಪಕ್ಕದಲ್ಲಿ ನಿಂತಿರುವವನೇ ಆ ಮನೆಗಳಿಗೆ ನುಗ್ಗಿದವನು. ಎರಡರಲ್ಲಿ ಒಂದು. ಯಾರನ್ನು ನಂಬಿದರೂ ತಪ್ಪಿದರೆ ಒಂದು ಜೀವ ಹೋಗುತ್ತದೆ, ಮತ್ತು ಅದು ತಂಗಿಯದಾಗುವುದಕ್ಕಿಂತ ತನ್ನದಾಗಲಿ ಎಂದು ಅಕ್ಕನಿಗೆ ಅನ್ನಿಸಿತು. ಆದರೆ ಹಾಗೆ ಆರಿಸಿಕೊಳ್ಳಲು ಅವಳಿಗೆ ಯಾರೂ ಅವಕಾಶ ಕೊಟ್ಟಿರಲಿಲ್ಲ.

"ಏನಂತೆ?" ಇನ್‌ಸ್ಪೆಕ್ಟರಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು.

"ಡಬ್ಬಿ ಚೆನ್ನಾಗಿದೆಯಂತೆ," ಎಂದಳು ಅಕ್ಕ. "ಯಾವುದು ಬೇಕು ಅಂತ ತೀರ್ಮಾನ ನನಗೇ ಬಿಟ್ಟಿದಾಳೆ."

ಇನ್‌ಸ್ಪೆಕ್ಟರಮ್ಮ ಅವಳ ಮುಖವನ್ನು ಓದುವವರಂತೆ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಕತ್ತರಿಯನ್ನು ಪಕ್ಕಕ್ಕೆ ಸರಿಸಿ, ಅಥವಾ ತಮ್ಮ ಕೈಗೆ ಹತ್ತಿರ ಇಟ್ಟುಕೊಂಡು, ಇನ್ನೊಂದು ಕೈ ಚಾಚಿದರು.

"ಇಡಬೇಡಿ ಫೋನು. ಕೊಡಿ ಇಲ್ಲಿ, ನಾನೂ ಒಂದು ಮಾತು ಆಡ್ತೀನಿ."

ಫೋನಿನೊಳಗೆ ತಂಗಿ, "ಕೊಡಬೇಡ ಅಕ್ಕ," ಎಂದಳು. ಅವಳ ಮಾತು ಮುಗಿಯುವ ಮೊದಲೇ ಅದರ ಹಿಂದೆ ಗಂಡಸಿನ ದನಿಯೊಂದು ಮೆಲ್ಲಗೆ, ನಗುತ್ತಲೇ, "ಕೊಡ್ಲಿ ಬಿಡಮ್ಮ," ಎಂದಿತು. ಎರಡರಲ್ಲಿ ಒಂದು ಎಂದುಕೊಂಡಿದ್ದಳು ಅಕ್ಕ; ಇಬ್ಬರೂ ಒಂದೇ ಕಡೆಯವರಾಗಿದ್ದರೆ?